ಬೇಕಾದೀತು ಎಂದು ಇಟ್ಟದ್ದು: ಕಡಿಮೆ ಸಾಮಾನಿನ ಬದುಕಿಗೆ ಹಂತಹಂತದ ಮಾರ್ಗದರ್ಶಿ

ಮೇಜಿನ ಮೂರನೇ ಡ್ರಾಯರ್‌ನಲ್ಲಿ ಒಂದು ಬೀಗದ ಕೈ ಗೊಂಚಲಿತ್ತು. ಎಣಿಸಿದರೆ 11. ಒಂದು ರಜೆಯ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಮನೆಯಲ್ಲಿದ್ದ ಬೀಗಗಳಿಗೆಲ್ಲ ಹಾಕಿ ನೋಡಿದೆ. ಬೀರು, ಸೂಟ್‌ಕೇಸ್, ಹಿಂಬಾಗಿಲು, ಸೈಕಲ್, ಹಳೆಯ ಟ್ರಂಕು. ಮೂರು ಕೈಗಳು ಹೊಂದಿದವು. ಉಳಿದ ಎಂಟು ಯಾವ ಬಾಗಿಲಿನವೋ, ಆ ಬಾಗಿಲಾದರೂ ಈಗ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಆದರೂ ಅವು ಎರಡು ಬಾಡಿಗೆ ಮನೆ ದಾಟಿ ನನ್ನ ಜೊತೆ ಬಂದಿದ್ದವು. ಏಕೆ ಇಟ್ಟುಕೊಂಡಿದ್ದೀಯ ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಇದ್ದದ್ದು ಒಂದೇ ಪದದ ಉತ್ತರ: ಬೇಕಾದೀತು.

ಆ ಒಂದು ಪದದ ಮೇಲೆ ನನ್ನ ಅರ್ಧ ಮನೆ ನಿಂತಿತ್ತು. ಅದಕ್ಕೂ ಮುಂಚೆ ಎರಡು ಸಲ ನಾನು ಮನೆ ಖಾಲಿ ಮಾಡಿದ್ದೆ. ಭಾನುವಾರವಿಡೀ ಬೆವರು ಸುರಿಸಿ, ಚೀಲಗಟ್ಟಲೆ ಹೊರಗೆ ಸಾಗಿಸಿ, ರಾತ್ರಿ ಖಾಲಿ ಕಪಾಟು ನೋಡಿ ಬೀಗಿದ್ದೂ ಆಯಿತು. ಎರಡು ಸಲವೂ ವರ್ಷ ತುಂಬುವುದರೊಳಗೆ ಕಪಾಟು ಮತ್ತೆ ತುಂಬಿತು. ತೂತಾದ ದೋಣಿಯಿಂದ ನೀರು ಮೊಗೆದು ಹಾಕುತ್ತ ಕೂತಿದ್ದೆ, ತೂತಿನ ಕಡೆ ನೋಡಿರಲಿಲ್ಲ. ಮೂರನೆಯ ಸಲ ಕ್ರಮ ಬದಲಿಸಿದೆ: ಮೊದಲು ಸಾಮಾನು ಬರುವ ದಾರಿ, ಆಮೇಲೆ ಇರುವ ಸಾಮಾನು. ಈ ಬರಹದ ಕ್ರಮವೂ ಅದೇ. ಮೊದಲ ತಿಂಗಳು ಒಂದು ಚಮಚವನ್ನೂ ಹೊರಗೆ ಹಾಕುವುದಿಲ್ಲವಾದ್ದರಿಂದ ಕೆಲವರಿಗೆ ಇದು ಸಪ್ಪೆ ಎನಿಸಬಹುದು.

ಹಂತ 1: ಒಂದು ತಿಂಗಳು ಬರೆದಿಡಿ

ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಮತ್ತು ಪೆನ್ನು ಇಡಿ. 30 ದಿನಗಳ ಕಾಲ ಮನೆಯೊಳಗೆ ಬಂದು ಉಳಿಯುವ ಪ್ರತಿಯೊಂದು ವಸ್ತುವನ್ನೂ ಬರೆಯಿರಿ. ತಿಂದು, ಬಳಸಿ ಮುಗಿದುಹೋಗುವ ದಿನಸಿ ಲೆಕ್ಕಕ್ಕೆ ಬೇಡ. ಮೂರು ಕಾಲಂ ಸಾಕು. ಏನು ಬಂತು, ಹೇಗೆ ಬಂತು (ಕೊಂಡದ್ದು, ಉಡುಗೊರೆ, ಪುಕ್ಕಟೆ, ಆಫೀಸಿನಿಂದ ಬಂದದ್ದು), ಅದು ಬರುವ ತೀರ್ಮಾನವಾದಾಗ ನೀವು ಎಲ್ಲಿ, ಏನು ಮಾಡುತ್ತಿದ್ದಿರಿ.

ಮೊದಲೆರಡು ಕಾಲಂ ಎಲ್ಲರೂ ಬರೆಯುತ್ತಾರೆ. ಗುಟ್ಟು ಇರುವುದು ಮೂರನೆಯದರಲ್ಲಿ. ನನ್ನ ಪಟ್ಟಿಯಲ್ಲಿ 41 ವಸ್ತುಗಳಿದ್ದವು. ಅದರಲ್ಲಿ 17ನ್ನು ನಾನು ಕೊಂಡೇ ಇರಲಿಲ್ಲ. ಯಾವುದೋ ಸಮಾರಂಭದ ಬ್ಯಾಗು, ಒಂದು ಕೊಂಡರೆ ಇನ್ನೊಂದು ಉಚಿತ ಎಂದು ಬಂದ ಡಬ್ಬಿ, ಮತ್ತೊಬ್ಬರು ಮನೆ ಖಾಲಿ ಮಾಡುವಾಗ ನನ್ನ ತಲೆಗೆ ಕಟ್ಟಿದ ದೀಪದ ಸ್ಟ್ಯಾಂಡು. ಕೊಂಡ 24ರಲ್ಲಿ ಹೆಚ್ಚಿನವುಗಳ ಮುಂದೆ ನನ್ನದೇ ಅಕ್ಷರದಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರೆದಿತ್ತು: ‘ರಾತ್ರಿ, ಹಾಸಿಗೆ, ಫೋನ್’. ನನಗೆ ಆಸೆ ಜಾಸ್ತಿ ಎಂದುಕೊಂಡಿದ್ದೆ. ಇದ್ದದ್ದು ದಣಿವು. ನಿದ್ದೆ ಬಾರದ ಹೊತ್ತಿನಲ್ಲಿ ಬೆರಳಿಗೊಂದು ಕೆಲಸ ಬೇಕಿತ್ತು, ಅಷ್ಟೆ.

ನಿಮ್ಮ ಪಟ್ಟಿ ಬೇರೆ ಏನಾದರೂ ಹೇಳೀತು. ಮೇಲಧಿಕಾರಿಯ ಜೊತೆ ಮಾತಿನ ಚಕಮಕಿ ನಡೆದ ದಿನಗಳಲ್ಲೇ ಪಾರ್ಸೆಲ್ ಹೆಚ್ಚಿರಬಹುದು, ಇಲ್ಲವೇ ಒಬ್ಬ ನಿರ್ದಿಷ್ಟ ಗೆಳೆಯನ ಜೊತೆ ಹೊರಗೆ ಹೋದಾಗಲೆಲ್ಲ ಕೈ ತುಂಬಿಕೊಂಡು ಬಂದಿರಬಹುದು. ಯಾವುದನ್ನೂ ತಿದ್ದಲು ಹೋಗಬೇಡಿ. ಬರೆಯಿರಿ, ಸುಮ್ಮನಿರಿ. ಬರೆಯಬೇಕಲ್ಲ ಎಂಬ ಸೋಮಾರಿತನಕ್ಕೇ ಒಂದೆರಡು ವಸ್ತುಗಳು ಬಾಗಿಲಲ್ಲೇ ನಿಂತುಬಿಡುತ್ತವೆ. ಅದು ಲಾಭ ಎಂದುಕೊಳ್ಳಿ.

ಹಂತ 2: ಬರುವ ದಾರಿಯನ್ನು ಕಿರಿದು ಮಾಡಿ

ಪಟ್ಟಿ ಕೈಯಲ್ಲಿದ್ದರೆ ಎಲ್ಲಿ ತಡೆ ಹಾಕಬೇಕು ಎಂದು ಊಹಿಸಬೇಕಿಲ್ಲ. ಫೋನಿನಿಂದ ಕೊಳ್ಳುವವರು ಖರೀದಿ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ವಿವರಗಳನ್ನು ಅಳಿಸಲಿ. ಪ್ರತಿಸಲ ಎದ್ದು ಹೋಗಿ ಪರ್ಸ್ ತೆಗೆದು, 16 ಅಂಕಿ ಹೊಡೆಯಬೇಕಾದರೆ ಅರ್ಧ ಆಸೆ ಅಲ್ಲೇ ಆರುತ್ತದೆ. ಆ ಆ್ಯಪ್‌ಗಳ ನೋಟಿಫಿಕೇಶನ್ ಬಂದ್ ಮಾಡಿ. ರಿಯಾಯಿತಿ ಇಮೇಲ್‌ಗಳ ಕೊನೆಯಲ್ಲಿ ಸಣ್ಣಕ್ಷರದಲ್ಲಿರುವ ‘ಅನ್‌ಸಬ್‌ಸ್ಕ್ರೈಬ್’ ಒತ್ತಿ. ಒಂದು ಸಂಜೆಯ ಕೆಲಸ ಇದು.

ಆಮೇಲೆ ಕಾಯುವ ಪಟ್ಟಿ. ಬೇಕು ಅನ್ನಿಸಿದ್ದನ್ನು ಕೊಳ್ಳಬೇಡಿ, ಬೇಡ ಎಂದು ಹಲ್ಲು ಕಚ್ಚಿಕೊಂಡು ಕೂರುವುದೂ ಬೇಡ. ತಾರೀಕು ಹಾಕಿ ಬರೆದಿಡಿ. ಸಣ್ಣದಕ್ಕೆ ಒಂದು ವಾರ, ದೊಡ್ಡದಕ್ಕೆ 30 ದಿನ. ಅವಧಿ ಮುಗಿದ ಮೇಲೂ ಬೇಕೆನಿಸಿದರೆ ಧಾರಾಳವಾಗಿ ತನ್ನಿ, ಒಳ್ಳೆಯ ಗುಣಮಟ್ಟದ್ದನ್ನೇ ತನ್ನಿ. ನನ್ನ ಪಟ್ಟಿಯಲ್ಲಿ ತಿಂಗಳ ಕೊನೆಗೆ ಉಳಿಯುವುದು ಒಂದೋ ಎರಡೋ. ಕೆಲವನ್ನು ಓದಿದಾಗ ಇದನ್ನು ಬರೆದದ್ದು ನಾನೇನಾ ಎನಿಸುತ್ತದೆ.

ಬೆಲೆಯನ್ನು ದುಡ್ಡಿನಲ್ಲಿ ನೋಡುವ ಬದಲು ಗಂಟೆಯಲ್ಲಿ ನೋಡುವುದನ್ನೂ ಕಲಿಯಿರಿ. ತಿಂಗಳ ಕೈಗೆ ಸಿಗುವ ಸಂಬಳದಿಂದ, ಆ ಕೆಲಸಕ್ಕೆ ಹೋಗಿಬರಲು ಆಗುವ ಖರ್ಚನ್ನು ಕಳೆಯಿರಿ. ಉಳಿದದ್ದನ್ನು ಕೆಲಸದ ಗಂಟೆಗಳಿಂದ ಭಾಗಿಸಿ. ಪ್ರಯಾಣದ ಹೊತ್ತು, ಮನೆಗೆ ಹೊತ್ತು ತಂದ ಕೆಲಸದ ಹೊತ್ತು ಎಲ್ಲ ಸೇರಬೇಕು. ಬರುವ ಮೊತ್ತ ನಿಮ್ಮ ನಿಜವಾದ ಗಂಟೆಯ ಕೂಲಿ. ಸಾಮಾನ್ಯವಾಗಿ ಅದು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ, ನೋಡಿ ಮನಸ್ಸು ಪಿಚ್ಚೆನ್ನುತ್ತದೆ. ಈಗ ಅಂಗಡಿಯಲ್ಲಿರುವ ಷೂ ಇಷ್ಟು ದುಡ್ಡಿನದ್ದಲ್ಲ, 19 ಗಂಟೆಯದ್ದು. ಅಷ್ಟು ಗಂಟೆ ಕೊಡಲು ಒಪ್ಪಿಗೆ ಇದ್ದರೆ ಕೊಂಡುಕೊಳ್ಳಿ, ಅದರಲ್ಲಿ ತಪ್ಪೇನೂ ಇಲ್ಲ.

ಸಾಮಾನು ಒಂಟಿಯಾಗಿ ಬರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಫ್ರೆಂಚ್ ಚಿಂತಕ ದೆನಿ ದಿದೆರೊ 1769ರಲ್ಲಿ ತನ್ನ ಹಳೆಯ ನಿಲುವಂಗಿಯನ್ನು ಕಳೆದುಕೊಂಡ ದುಃಖದ ಬಗ್ಗೆ ಒಂದು ಪ್ರಬಂಧ ಬರೆದ. ಯಾರೋ ಕೊಟ್ಟ ಹೊಸ ಕೆಂಪು ಗೌನು ಮನೆಗೆ ಬಂತು. ಅದರ ಮುಂದೆ ಹಳೆಯ ಕುರ್ಚಿ ಮಂಕಾಯಿತು, ಕುರ್ಚಿ ಬದಲಾಯಿತು. ಮೇಜು ಬದಲಾಯಿತು, ಗೋಡೆಯ ಚಿತ್ರಗಳು ಬದಲಾದವು. ಹಳೆಯ ಗೌನಿಗೆ ನಾನು ಒಡೆಯನಾಗಿದ್ದೆ, ಹೊಸದಕ್ಕೆ ಗುಲಾಮನಾದೆ ಎಂಬುದು ಅವನ ಗೋಳು. ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕೆನ್ 1988ರಲ್ಲಿ ಇದಕ್ಕೆ ‘ದಿದೆರೊ ಪರಿಣಾಮ’ ಎಂದು ಹೆಸರಿಟ್ಟರು. ಹೊಸ ಫೋನ್, ಅದಕ್ಕೊಂದು ಕವರ್, ಆ ಬಣ್ಣಕ್ಕೆ ಹೊಂದುವ ಇಯರ್‌ಫೋನ್, ಅದನ್ನಿಡಲು ಪುಟ್ಟ ಚೀಲ. ಆದ್ದರಿಂದ ಕೊಳ್ಳುವ ಮುನ್ನ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದರ ಹಿಂದೆ ಇನ್ನೇನೇನು ಬರುತ್ತದೆ? ಉತ್ತರದಲ್ಲಿ ಮೂರು ವಸ್ತು ಇದ್ದರೆ ಮೂರರ ಬೆಲೆಯನ್ನೂ ಗಂಟೆಯಲ್ಲಿ ಕೂಡಿಸಿ.

ಪುಕ್ಕಟೆ ಬರುವುದನ್ನು ಬೇಡ ಅನ್ನುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೊಡುವವರ ಮುಖ ನೋಡಿದರೆ ಬಾಯಿ ಬರುವುದಿಲ್ಲ. ‘ಇಡಲು ಜಾಗವಿಲ್ಲ, ಬೇರೆ ಯಾರಿಗಾದರೂ ಉಪಯೋಗವಾಗಲಿ’ ಎಂಬ ವಾಕ್ಯವನ್ನು ಕಂಠಪಾಠ ಮಾಡಿಕೊಂಡೆ. ಹತ್ತು ಸಲ ಹೇಳಿದ ಮೇಲೆ ಸಲೀಸಾಗಿ ಬಂತು.

ಹಂತ 3: ಇರುವುದಕ್ಕೆ ಕೈ ಹಾಕುವುದು

ಇಡೀ ದಿನ ಮೀಸಲಿಡಬೇಡಿ. 45 ನಿಮಿಷದ ಟೈಮರ್ ಇಡಿ, ಒಂದು ಡ್ರಾಯರ್ ಅಥವಾ ಒಂದು ಕಪಾಟಿನ ಅಂತಸ್ತು ತೆಗೆದುಕೊಳ್ಳಿ. ಅದನ್ನು ಪೂರ್ತಿ ಖಾಲಿ ಮಾಡಿ ನೆಲದ ಮೇಲೆ ಹರಡಿ. ಡ್ರಾಯರ್ ಒಳಗೇ ಕೈಯಾಡಿಸಿ ಆರಿಸಿದರೆ ಏನೂ ಹೊರಗೆ ಬರುವುದಿಲ್ಲ. ಬೇಡದ್ದನ್ನು ಹೆಕ್ಕುವುದಕ್ಕೂ, ಬೇಕಾದ್ದನ್ನು ಮಾತ್ರ ಒಳಗೆ ಇಡುವುದಕ್ಕೂ ಅಜಗಜಾಂತರವಿದೆ.

ಮೊದಲು ಕೈ ಹಾಕಬೇಕಾದ್ದು ತೀರ್ಮಾನವೇ ಬೇಕಿಲ್ಲದ ವಸ್ತುಗಳಿಗೆ. ಅವಧಿ ಮುಗಿದವು, ಒಡೆದವು, ಮುಚ್ಚಳ ಕಳೆದ ಡಬ್ಬಿ, ಡಬ್ಬಿ ಕಳೆದ ಮುಚ್ಚಳ, ಜೋಡಿ ತಪ್ಪಿದ ಕಾಲುಚೀಲ, ಬರೆಯದ ಪೆನ್ನು. ಬಚ್ಚಲುಮನೆಯ ಶೆಲ್ಫು ಇದಕ್ಕೆ ಒಳ್ಳೆಯ ಜಾಗ. ಯಾರೂ ಹಳೆಯ ಶಾಂಪೂ ಬಾಟಲಿ ಹಿಡಿದುಕೊಂಡು ಕಣ್ಣೀರು ಹಾಕುವುದಿಲ್ಲ. ಬೇಡ ಎಂದು ಹೇಳುವ ರೂಢಿ ಕೈಗೆ ಹತ್ತಲಿ. ಫೋಟೊ ಆಲ್ಬಂನಿಂದ ಶುರು ಮಾಡಿದವರು ಸಂಜೆಯಾದರೂ ಮೊದಲ ಪುಟದಲ್ಲೇ ಇರುತ್ತಾರೆ.

ಆಮೇಲೆ ಒಂದೇ ಜಾತಿಯವನ್ನು ಒಂದೆಡೆ ಸೇರಿಸಿ. ಮನೆಯಲ್ಲಿರುವ ಕತ್ತರಿಗಳನ್ನೆಲ್ಲ ತಂದು ಸಾಲಾಗಿ ಇಟ್ಟಾಗ ನನ್ನಲ್ಲಿ ಏಳು ಸಿಕ್ಕವು. ಏಳು ಕತ್ತರಿಯ ಮನೆಯಲ್ಲಿ ಬೇಕಾದಾಗ ಒಂದೂ ಸಿಗುತ್ತಿರಲಿಲ್ಲ. ಸಿಗದಿದ್ದಕ್ಕೇ ಇನ್ನೊಂದು ತರುತ್ತಿದ್ದೆ, ತಂದದ್ದು ಗುಡ್ಡೆಯಲ್ಲಿ ಸೇರಿ ಕಾಣೆಯಾಗುತ್ತಿತ್ತು. ಎರಡು ಉಳಿಸಿಕೊಂಡೆ. ಒಂದು ಅಡುಗೆಮನೆಯ ಮೊಳೆಗೆ, ಇನ್ನೊಂದು ಮೇಜಿನ ಡಬ್ಬಿಗೆ. ಆಮೇಲೆ ಕತ್ತರಿ ಹುಡುಕಿದ ನೆನಪಿಲ್ಲ. ಕಡಿಮೆ ಇದ್ದರೆ ಸಾಲದು, ಇರುವ ಪ್ರತಿಯೊಂದಕ್ಕೂ ಒಂದು ಮನೆ ಬೇಕು.

ಇಡಲೋ ಬಿಡಲೋ ಎಂದು ತೂಗಾಡುವ ವಸ್ತುಗಳಿಗೆ ಒಂದು ಪ್ರಶ್ನೆ ಇದೆ. ಅದರ ಹಿಂದಿನ ಕಾರಣ ತಿಳಿದರೆ ಬಳಸಲು ಸುಲಭ. 1990ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಂಶೋಧಕರಾದ ಡೇನಿಯಲ್ ಕಾನೆಮನ್, ಜಾಕ್ ನೆಚ್ ಮತ್ತು ರಿಚರ್ಡ್ ಥೇಲರ್ ತರಗತಿಯ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟು ಸಿಕ್ಕರೆ ಮಾರುತ್ತೀರಿ ಎಂದು ಕೇಳಿದರು. ಉಳಿದವರನ್ನು ಎಷ್ಟು ಕೊಟ್ಟು ಕೊಳ್ಳುತ್ತೀರಿ ಎಂದರು. ಕೆಲವೇ ನಿಮಿಷ ಕೈಯಲ್ಲಿದ್ದ ಮಗ್‌ಗೆ ಮಾರುವವರು ಹೇಳಿದ ಬೆಲೆ, ಕೊಳ್ಳುವವರು ಕೊಡಲು ಸಿದ್ಧರಿದ್ದ ಬೆಲೆಯ ಎರಡು ಪಟ್ಟಿಗಿಂತಲೂ ಹೆಚ್ಚಿತ್ತು. ನಮ್ಮದಾದೊಡನೆ ಅದೇ ವಸ್ತು ದುಬಾರಿಯಾಗುತ್ತದೆ. ಹಾಗಾಗಿ ‘ಇದನ್ನು ಬಿಡಲೇ?’ ಎಂದು ಕೇಳಿಕೊಂಡರೆ ಮನಸ್ಸು ಇಲ್ಲ ಎಂದೇ ಹೇಳುತ್ತದೆ. ‘ಇದು ನನ್ನ ಬಳಿ ಇಲ್ಲದೇ ಹೋಗಿದ್ದರೆ ಇವತ್ತು ದುಡ್ಡು ಕೊಟ್ಟು ತರುತ್ತಿದ್ದೆನೇ?’ ಎಂದು ಕೇಳಿ. ನಿಮ್ಮನ್ನು ಮಾರುವವರ ಕುರ್ಚಿಯಿಂದ ಎಬ್ಬಿಸಿ ಕೊಳ್ಳುವವರ ಕುರ್ಚಿಯಲ್ಲಿ ಕೂರಿಸುವ ಪ್ರಶ್ನೆ ಇದು.

ಅದಕ್ಕೂ ಬಗ್ಗದವು ಇರುತ್ತವೆ. ಅವನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿ, ಮೇಲೆ ಆರು ತಿಂಗಳ ನಂತರದ ತಾರೀಕು ಬರೆಯಿರಿ. ನನ್ನ ಪೆಟ್ಟಿಗೆಯ ಹೆಸರು ‘ಬೇಕಾದೀತು’. ನಡುವೆ ಏನಾದರೂ ಬೇಕಾದರೆ ತೆರೆದು ಅದೊಂದನ್ನೇ ತೆಗೆದುಕೊಳ್ಳಿ. ತಾರೀಕು ಬಂದಾಗ, ತೆರೆಯುವ ಮೊದಲು ಒಳಗೆ ಏನೇನಿದೆ ಎಂದು ಹಾಳೆಯಲ್ಲಿ ಬರೆಯಲು ನೋಡಿ. ನೆನಪಿಗೆ ಬಾರದ ವಸ್ತು ಹೋದರೂ ಗೊತ್ತಾಗುವುದಿಲ್ಲ. ಚಳಿಗಾಲದ, ಮಳೆಗಾಲದ ಸಾಮಾನಿಗೆ ಮಾತ್ರ ಒಂದು ವರ್ಷ ಕೊಡಿ.

ಇಲ್ಲಿ ಒಂದು ತಕರಾರು ನನಗೇ ಇದೆ. ‘ಬೇಕಾದರೆ ಮತ್ತೆ ಕೊಂಡರಾಯಿತು’ ಎನ್ನುವುದು ಕೊಳ್ಳಲು ಆಗುವವರ ಮಾತು. ಕೈ ಬಿಗಿ ಇರುವ ಮನೆಯಲ್ಲಿ ಹಳೆಯ ಸ್ವೆಟರ್, ರಿಪೇರಿಗೆ ಬರುವ ಬಿಡಿಭಾಗ, ಮುಂದಿನ ಮಗುವಿಗಾಗುವ ಬಟ್ಟೆ ಇಟ್ಟುಕೊಳ್ಳುವುದು ವಿವೇಕ. ಅದನ್ನು ಕಸ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಸರಳತೆ ನಾವಾಗಿ ಆರಿಸಿಕೊಂಡದ್ದಾಗಿದ್ದರೆ ಮಾತ್ರ ಸರಳತೆ. ಇನ್ನು ಟಾರ್ಚು, ಪ್ರಥಮ ಚಿಕಿತ್ಸೆಯ ಡಬ್ಬಿ, ಸ್ಕ್ರೂಡ್ರೈವರ್, ಒಂದು ಹೆಚ್ಚುವರಿ ಹೊದಿಕೆ ಇವೆಲ್ಲ ವರ್ಷಕ್ಕೊಮ್ಮೆ ಬಳಸಿದರೂ ಜಾಗ ಪಡೆದ ಸಾಮಾನು. ಅವುಗಳ ತಂಟೆಗೆ ಹೋಗಬೇಡಿ.

ಇನ್ನೊಂದು ಎಚ್ಚರಿಕೆ: ಮನೆ ಅಚ್ಚುಕಟ್ಟು ಮಾಡಲೆಂದು ಚಂದದ ಬುಟ್ಟಿ, ಪಾರದರ್ಶಕ ಡಬ್ಬಿ, ಹೊಸ ರ‍್ಯಾಕ್ ತರಬೇಡಿ. ನಾನು ಎರಡನೆಯ ಸಲ ಮಾಡಿದ ತಪ್ಪು ಅದು. ಡಬ್ಬಿಗಳು ಬಂದವು, ಬೇಡದ ಸಾಮಾನು ನೀಟಾಗಿ ಅದರೊಳಗೆ ಕೂತಿತು. ಒಟ್ಟಿನಲ್ಲಿ ಮನೆಗೆ ಡಬ್ಬಿಗಳು ಹೆಚ್ಚಾದವು.

ಬಟ್ಟೆ

ಹ್ಯಾಂಗರ್‌ಗಳ ಕೊಕ್ಕೆಯನ್ನು ಇವತ್ತು ಎಲ್ಲಾ ಉಲ್ಟಾ ತಿರುಗಿಸಿ ನೇತುಹಾಕಿ. ತೊಟ್ಟು, ಒಗೆದು, ಮತ್ತೆ ನೇತುಹಾಕುವಾಗ ಸರಿಯಾದ ದಿಕ್ಕಿಗೆ ಹಾಕಿ. ಆರು ತಿಂಗಳ ಮೇಲೆ ಇನ್ನೂ ಉಲ್ಟಾ ಇರುವವು ಯಾವುವು ಎಂದು ಕಪಾಟೇ ಹೇಳುತ್ತದೆ. ಮಡಚಿಡುವ ಬಟ್ಟೆಗಾದರೆ, ಒಗೆದದ್ದನ್ನು ಯಾವಾಗಲೂ ಅಟ್ಟಿಯ ಮೇಲ್ಗಡೆಯೇ ಇಡಿ. ತೊಡದವು ತಾವಾಗಿ ತಳ ಸೇರುತ್ತವೆ. ‘ತೆಳ್ಳಗಾದ ಮೇಲೆ ಹಾಕಿಕೊಳ್ಳುತ್ತೇನೆ’ ಎಂಬ ಪ್ಯಾಂಟಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ನನ್ನ ಬಳಿಯೂ ಒಂದಿದೆ.

ಕಾಗದ

ಕಾಗದ ಆರಿಸಲು ಹೊತ್ತು ಹಿಡಿಯುತ್ತದೆ, ಏಕೆಂದರೆ ಪ್ರತಿಯೊಂದನ್ನೂ ಓದಲೇಬೇಕು. ಮೂರು ಕಂತೆ ಮಾಡಿ. ಒಂದು, ಮೂಲಪ್ರತಿ ಕಳೆದರೆ ಕಂಗಾಲಾಗುವಂಥವು: ಜನನ ಪ್ರಮಾಣಪತ್ರ, ಆಸ್ತಿಪತ್ರ, ಅಂಕಪಟ್ಟಿ, ಉಯಿಲು. ಇವು ಎಂದೆಂದಿಗೂ ಇರಲಿ, ಒಂದೇ ಫೈಲಿನಲ್ಲಿರಲಿ, ಬೆಂಕಿ ಬಿದ್ದರೆ ಕತ್ತಲಲ್ಲೂ ಕೈಗೆ ಸಿಗುವಂತಿರಲಿ. ಎರಡು, ಕಾಲಮಿತಿಯವು: ತೆರಿಗೆ, ವಿಮೆ, ವಾರಂಟಿ, ಸಾಲ. ಎಷ್ಟು ವರ್ಷ ಇಡಬೇಕು ಎಂಬುದು ನೀವಿರುವ ದೇಶದ ಕಾನೂನಿನ ಮೇಲೆ ನಿಂತಿದೆ. ಕೇಳಿ ತಿಳಿದು, ಲಕೋಟೆಯ ಮೇಲೆ ಬಿಸಾಡುವ ವರ್ಷ ಬರೆದಿಡಿ. ಮೂರನೆಯದು ಉಳಿದೆಲ್ಲ. ಅದರಲ್ಲಿ ಬೇಕೆನಿಸಿದ್ದನ್ನು ಸ್ಕ್ಯಾನ್ ಮಾಡಿ. ಹೆಸರು, ವಿಳಾಸ, ಖಾತೆ ಸಂಖ್ಯೆ ಇರುವ ಹಾಳೆಗಳನ್ನು ಹರಿದು ಚೂರು ಮಾಡಿಯೇ ಹೊರಗೆ ಹಾಕಿ.

ಸ್ಕ್ಯಾನ್ ಮಾಡಿದವು, ಫೋಟೊಗಳು ಎಲ್ಲಕ್ಕೂ ಕಂಪ್ಯೂಟರ್ ಮಂದಿ ಹೇಳುವ 3-2-1 ಸೂತ್ರ ಒಳ್ಳೆಯದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಒಂದೇ ಹಾರ್ಡ್ ಡಿಸ್ಕಿಗೆ ತುಂಬಿ ಕಾಗದ ಸುಟ್ಟುಬಿಟ್ಟರೆ ಅದು ಸರಳತೆಯಲ್ಲ, ಜೂಜು.

ಕೇಬಲ್ ಮತ್ತು ಹಳೆಯ ಫೋನ್

ಪ್ರತಿ ಮನೆಯಲ್ಲೂ ಹಾವಿನ ಹುತ್ತದಂಥ ಒಂದು ಕೇಬಲ್ ಡ್ರಾಯರ್ ಇರುತ್ತದೆ. ಬಿಡಿಸಿ, ಒಂದೊಂದಕ್ಕೂ ಅದರ ಉಪಕರಣವನ್ನು ಜೋಡಿಸಿ. ಉಪಕರಣವಿಲ್ಲದ ಕೇಬಲ್ ಹೊರಗೆ. ಉಳಿದವಕ್ಕೆ ಕಾಗದದ ಟೇಪು ಸುತ್ತಿ ಹೆಸರು ಬರೆಯಿರಿ.

ಹಳೆಯ ಫೋನು, ಲ್ಯಾಪ್‌ಟಾಪ್ ಮಾತ್ರ ಮಾಮೂಲಿ ಕಸಕ್ಕೆ ಹೋಗಬಾರದು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟುಹಾಕಿತು. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯ ಲೆಕ್ಕಕ್ಕೆ ಸಿಕ್ಕದ್ದು ಶೇ 22.3 ಮಾತ್ರ. ಕೊಡುವ ಮುನ್ನ ಬೇಕಾದ ಫೋಟೊ ತೆಗೆದುಕೊಂಡು, ಎಲ್ಲ ಖಾತೆಗಳಿಂದ ಸೈನ್ ಔಟ್ ಆಗಿ, ಫ್ಯಾಕ್ಟರಿ ರಿಸೆಟ್ ಮಾಡಿ, ಸಿಮ್ ಮತ್ತು ಮೆಮೊರಿ ಕಾರ್ಡ್ ಹೊರತೆಗೆಯಿರಿ. ಬ್ಯಾಟರಿ ಉಬ್ಬಿದ್ದರೆ ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಆರಿಸುವುದು ಕಷ್ಟ. ಅದು ಡ್ರಾಯರ್‌ನಲ್ಲಿ ಇರುವುದೂ ಅಪಾಯವೇ, ಆದ್ದರಿಂದ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಬೇಗ ತಲುಪಿಸಿ.

ನೆನಪಿನ ವಸ್ತುಗಳು

ಇದನ್ನು ಕೊನೆಗೆ ಇಟ್ಟುಕೊಳ್ಳಿ. ತೀರಿಹೋದವರ ಕನ್ನಡಕ, ಮಗುವಿನ ಮೊದಲ ಷೂ, ಮುರಿದುಹೋದ ಸ್ನೇಹದ ಕಾಲದ ಪತ್ರಗಳು. ಇವುಗಳಿಗೆ ‘ದುಡ್ಡು ಕೊಟ್ಟು ತರುತ್ತಿದ್ದೆನೇ’ ಎಂಬ ಪ್ರಶ್ನೆ ಹಾಕುವುದೇ ಅಪಚಾರ.

ಅಮೆರಿಕದ ಒಂದು ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಲವು ಹಾಸ್ಟೆಲ್‌ಗಳಲ್ಲಿ ‘ನೆನಪಿನ ವಸ್ತುಗಳ ಫೋಟೊ ತೆಗೆದುಕೊಂಡು, ಆಮೇಲೆ ದಾನ ಕೊಡಿ’ ಎಂದು ಪ್ರಚಾರ ಮಾಡಿದರು, ಉಳಿದ ಕಡೆ ಬರೀ ‘ದಾನ ಕೊಡಿ’ ಎಂದರು. ಫೋಟೊ ಎಂದ ಕಡೆ 613 ವಸ್ತು ಬಂದವು, ಇನ್ನೊಂದು ಕಡೆ 533. ಜನರಿಗೆ ಭಯವಿದ್ದದ್ದು ವಸ್ತುವಿನ ಜೊತೆ ನೆನಪೂ ಹೋದೀತೆಂದು. ನಾನು ಫೋಟೊದ ಜೊತೆ ನಾಲ್ಕು ಸಾಲೂ ಬರೆಯುತ್ತೇನೆ: ಇದು ಯಾರದು, ಎಲ್ಲಿತ್ತು, ಇದರ ಜೊತೆ ಏನಾಯಿತು. ಬರೀ ಫೋಟೊ ಹತ್ತು ವರ್ಷದ ಮೇಲೆ ಮೂಕವಾಗುತ್ತದೆ.

ಅಪ್ಪ ಹೋದ ಮೇಲೆ ಅವರ ಸಾಮಾನಿನ ಎರಡು ಟ್ರಂಕು ನನ್ನ ಪಾಲಿಗೆ ಬಂದವು. ವರ್ಷಗಟ್ಟಲೆ ಮುಚ್ಚಳ ತೆಗೆಯಲಿಲ್ಲ. ತೆಗೆದ ದಿನ ಗೊತ್ತಾದದ್ದು, ಎರಡು ಟ್ರಂಕು ತುಂಬ ಇಟ್ಟುಕೊಂಡು ನಾನು ಅವರನ್ನು ಒಂದು ದಿನವೂ ಕಣ್ಣೆದುರು ಇಟ್ಟುಕೊಂಡಿರಲಿಲ್ಲ ಎಂದು. ಒಳಗಿದ್ದ ಕೈಗಡಿಯಾರವನ್ನು ರಿಪೇರಿ ಮಾಡಿಸಿ ಈಗ ದಿನಾ ಕಟ್ಟಿಕೊಳ್ಳುತ್ತೇನೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಪ್ರತಿ ಬೆಳಿಗ್ಗೆ ಸರಿಪಡಿಸುವಾಗ ಅವರ ನೆನಪಾಗುತ್ತದೆ. ಉಳಿದದ್ದನ್ನು ಅಣ್ಣ ತಮ್ಮಂದಿರನ್ನು, ಅಪ್ಪನ ಗೆಳೆಯರನ್ನು ಕೇಳಿ ಹಂಚಿದೆ. ಕೇಳದೆ ಹಂಚಬೇಡಿ. ನಿಮಗೆ ಬೇಡವಾದ ಹರಕು ಡೈರಿ ಇನ್ನೊಬ್ಬರಿಗೆ ಅಪ್ಪನ ಅಕ್ಷರ.

ಹಂತ 4: ಮನೆಯಲ್ಲಿ ನೀವೊಬ್ಬರೇ ಇಲ್ಲ

ಬೇರೆಯವರ ವಸ್ತುವಿಗೆ ಕೈ ಹಾಕಬೇಡಿ. ಸಂಗಾತಿಯ ಪುಸ್ತಕ, ಮಗಳ ಕಲ್ಲು ಚಿಪ್ಪುಗಳ ಡಬ್ಬಿ, ಹಿರಿಯರ ಹಳೆಯ ಪತ್ರಿಕೆಯ ಕಟ್ಟು, ಯಾವುದಕ್ಕೂ. ಒಮ್ಮೆ ಹೇಳದೆ ಬಿಸಾಡಿದರೆ ಅವರು ಮುಂದಿನ ಹತ್ತು ವರ್ಷ ಎಲ್ಲವನ್ನೂ ಎದೆಗವಚಿಕೊಂಡು ಕೂರುತ್ತಾರೆ. ನಿಮ್ಮ ಕಪಾಟು ಖಾಲಿಯಾಗಲಿ, ನಿಮ್ಮ ಬೆಳಗಿನ ಗಡಿಬಿಡಿ ಕಡಿಮೆಯಾಗಲಿ. ನೋಡಿ ಕೇಳಿದರೆ ಹೇಳಿ. ಮಕ್ಕಳಿಗಾದರೆ ಎಣಿಕೆಯ ಬದಲು ಜಾಗದ ಮಿತಿ ಕೊಡಿ: ಆಟಿಕೆಗೆ ಈ ಒಂದು ಡಬ್ಬಿ, ಏನನ್ನು ಇಡಬೇಕೆಂಬುದು ನಿನ್ನಿಷ್ಟ.

ಲಾಸ್ ಏಂಜಲೀಸ್‌ನಲ್ಲಿ 2001ರಿಂದ ಕೆಲವು ವರ್ಷ ಸಂಶೋಧಕರ ತಂಡವೊಂದು ಪೋಷಕರಿಬ್ಬರೂ ದುಡಿಯುವ 32 ಕುಟುಂಬಗಳ ಮನೆಯೊಳಗಿನ ದಿನಚರಿಯನ್ನು ದಾಖಲಿಸಿತು. 2010ರಲ್ಲಿ ಬಂದ ಅದರ ಒಂದು ಫಲಿತಾಂಶ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ತಮ್ಮ ಮನೆಯನ್ನು ಅಸ್ತವ್ಯಸ್ತ, ಕೆಲಸ ಬಾಕಿ ಎಂಬಂಥ ಮಾತುಗಳಲ್ಲಿ ಬಣ್ಣಿಸಿದ ಹೆಂಗಸರಲ್ಲಿ, ದಿನ ಕಳೆದಂತೆ ಇಳಿಯಬೇಕಾದ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಸರಿಯಾಗಿ ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಅಂಥ ನಂಟು ಕಾಣಲಿಲ್ಲ. ಗುಡ್ಡೆ ಇಬ್ಬರ ಕಣ್ಣಿಗೂ ಬೀಳುತ್ತದೆ. ಎತ್ತಿಡಬೇಕಾದವಳು ತಾನು ಎಂದು ಗೊತ್ತಿರುವವಳಿಗೆ ಮಾತ್ರ ಅದು ಕೆಲಸವಾಗಿ ಕಾಣುತ್ತದೆ ಎಂಬುದು ನನ್ನ ಊಹೆ. ಆದ್ದರಿಂದ ಸಾಮಾನು ಕಡಿಮೆ ಮಾಡುವ ಮಾತು ಬಂದಾಗ, ಸದ್ಯ ಆ ಸಾಮಾನಿನ ಧೂಳು ಹೊಡೆಯುವವರು ಯಾರೋ ಅವರ ಮಾತಿಗೆ ಮೊದಲ ಮಣೆ ಹಾಕಿ.

ಮತ್ತೆ, ಎಲ್ಲ ರಾಶಿಯೂ ಸೋಮಾರಿತನವಲ್ಲ. ಬಾಗಿಲು ತೆರೆಯಲಾಗದಷ್ಟು ತುಂಬಿದ್ದು, ಒಂದು ಹಳೆಯ ಹಾಳೆ ಬಿಡಲೂ ಯಾತನೆ ಪಡುವವರು ಮನೆಯಲ್ಲಿದ್ದರೆ ಅದು ಸಂಗ್ರಹದ ಕಾಯಿಲೆಯಾಗಿರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿತು. ಅಲ್ಲಿ ಬಲವಂತದ ಸ್ವಚ್ಛತೆ ಕೆಲಸ ಮಾಡುವುದಿಲ್ಲ, ಮನೋವೈದ್ಯರು ಬೇಕು.

ಹಂತ 5: ಹೊರಟದ್ದು ಹೊರಗೆ ಹೋಗಲೇಬೇಕು

ಕೊಡಬೇಕಾದ ಚೀಲ ಬಾಗಿಲ ಬಳಿ ನಾಲ್ಕು ತಿಂಗಳು ಕೂತಿದ್ದು, ಆಮೇಲೆ ಅದರಿಂದ ಒಂದೊಂದೇ ವಾಪಸ್ ಒಳಗೆ ಬಂದದ್ದು ನನ್ನ ಮನೆಯಲ್ಲೇ ಆಗಿದೆ. ವಾರದೊಳಗೆ ಸಾಗಿಸುವ ದಿನವನ್ನು ಮೊದಲೇ ಗೊತ್ತು ಮಾಡಿ. ಮಾರಿದರೆ ದುಡ್ಡು ಬಂದೀತು ಎಂಬುದು ದೊಡ್ಡ ಬಲೆ. ಫೋಟೊ ಹಾಕಿ, ಚೌಕಾಸಿ ಮಾಡಿ, ಬಾರದ ಗಿರಾಕಿಗೆ ಕಾದು ಹೈರಾಣಾಗುತ್ತೀರಿ. ನಿಜವಾಗಿ ಬೆಲೆಬಾಳುವ ಮೂರ್ನಾಲ್ಕನ್ನು ಮಾತ್ರ ಮಾರಿ, ಅದಕ್ಕೂ ಎರಡು ವಾರದ ಗಡುವು ಹಾಕಿ. ಉಳಿದದ್ದು ಕೊಟ್ಟುಬಿಡಿ. ಹರಿದದ್ದು, ಕೆಟ್ಟದ್ದನ್ನು ದಾನದ ಹೆಸರಿನಲ್ಲಿ ಸಾಗಹಾಕಬೇಡಿ. ಪಡೆದವರು ಅದನ್ನು ಬಿಸಾಡುವ ಖರ್ಚನ್ನೂ ಹೊರಬೇಕಾಗುತ್ತದೆ. ಅವಧಿ ಮುಗಿದ ಔಷಧಿಯನ್ನು ಔಷಧದಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ, ಸುಮ್ಮನೆ ಚರಂಡಿಗೆ ಸುರಿಯಬೇಡಿ.

ಹಂತ 6: ಖಾಲಿಯಾದ ಮೇಲೆ

ಇಷ್ಟೆಲ್ಲ ಮಾಡಿದ ಮೇಲೆ ಒಂದು ವಿಚಿತ್ರ ವಾರ ಬರುತ್ತದೆ. ಕಪಾಟು ಖಾಲಿ, ಸಂಜೆಯೂ ಖಾಲಿ. ನಾನು ಎರಡು ಸಲ ಜಾರಿಬಿದ್ದದ್ದು ಸರಿಯಾಗಿ ಇಲ್ಲೇ. ಖಾಲಿ ಎಂದರೆ ಏನಾದರೂ ತುಂಬಬೇಕು ಎನಿಸುತ್ತದೆ, ಕೈ ಫೋನಿಗೆ ಹೋಗುತ್ತದೆ. ಆದ್ದರಿಂದ ಬಿಡುವಾಗುವ ಹೊತ್ತಿಗೆ ಏನು ಮಾಡುತ್ತೀರಿ ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು. ‘ಅರ್ಥಪೂರ್ಣ ಬದುಕು’ ಎಂದು ಬರೆದರೆ ಕೆಲಸಕ್ಕೆ ಬಾರದು. ‘ಬುಧವಾರ ಸಂಜೆ ಅಕ್ಕನಿಗೆ ಫೋನ್’, ‘ಭಾನುವಾರ ಬೆಳಿಗ್ಗೆ ಈಜು ಕಲಿಯುವುದು’ ಎಂದು ವಾರ, ಹೊತ್ತು, ಹೆಸರು ಹಾಕಿ ಬರೆಯಿರಿ. ಉಳಿಸಿದ ದುಡ್ಡಿಗೂ ಹೀಗೆಯೇ ಒಂದು ಗುರಿ ಇರಲಿ. ಅನುಭವಕ್ಕೆ ಹಾಕಿದ ದುಡ್ಡು ವಸ್ತುವಿಗೆ ಹಾಕಿದ್ದಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತೆಂದು ಬಹಳ ಜನ ಹೇಳುವುದನ್ನು ಮನಶ್ಶಾಸ್ತ್ರಜ್ಞರಾದ ಲೀಫ್ ವಾನ್ ಬೋವೆನ್ ಮತ್ತು ಥಾಮಸ್ ಗಿಲೊವಿಚ್ 2003ರಲ್ಲೇ ತೋರಿಸಿದ್ದಾರೆ. ಹಾಗೆಂದು ಅನುಭವಗಳನ್ನೂ ಪಟ್ಟಿ ಹಾಕಿ ಸಂಗ್ರಹಿಸಲು ಹೊರಡಬೇಡಿ. ಕ್ಯಾಲೆಂಡರ್ ಕೂಡ ಒಂದು ಕಪಾಟೇ, ಅದೂ ತುಂಬಿ ತುಳುಕುತ್ತದೆ.

ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊ 1845ರ ಜುಲೈ 4ರಂದು ವಾಲ್ಡನ್ ಕೊಳದ ದಡದಲ್ಲಿ ತಾನೇ ಕಟ್ಟಿದ 10 ಅಡಿ ಅಗಲ, 15 ಅಡಿ ಉದ್ದದ ಗುಡಿಸಲಿಗೆ ಹೋಗಿ ಎರಡು ವರ್ಷ ಎರಡು ತಿಂಗಳು ಇದ್ದ. ಅವನ ಮೇಜಿನ ಮೇಲೆ ಮೂರು ಸುಣ್ಣಕಲ್ಲಿನ ತುಂಡುಗಳಿದ್ದವಂತೆ. ದಿನಾ ಅವುಗಳ ಧೂಳು ಒರೆಸಬೇಕಲ್ಲ ಎಂದು ಹೊಳೆದು ಗಾಬರಿಯಾಗಿ, ಕಿಟಕಿಯಿಂದ ಆಚೆ ಎಸೆದುಬಿಟ್ಟ. ಅವನ ಮನೆಯಲ್ಲಿ ಕುರ್ಚಿಗಳು ಮಾತ್ರ ಮೂರಿದ್ದವು: ಒಂಟಿತನಕ್ಕೆ ಒಂದು, ಸ್ನೇಹಕ್ಕೆ ಎರಡು, ಬಂದ ಮಂದಿಗೆ ಮೂರು. ಕಲ್ಲು ಮೂರು, ಕುರ್ಚಿ ಮೂರು. ಒಂದನ್ನು ಎಸೆದ, ಇನ್ನೊಂದನ್ನು ಇಟ್ಟುಕೊಂಡ. ಎಷ್ಟು ಸಾಮಾನಿರಬೇಕು, 100 ಸಾಕೇ, 50 ಸಾಕೇ ಎಂದು ಎಣಿಸುವವರಿಗೆ ನಾನು ಕೊಡುವ ಉತ್ತರ ಇದು.

ಉಸ್ತುವಾರಿಗೆ ಹೆಚ್ಚೇನೂ ಬೇಡ. ತಿಂಗಳಿಗೊಮ್ಮೆ ಬಾಗಿಲ ಬಳಿಯ ನೋಟ್‌ಬುಕ್ ತಿರುವಿಹಾಕಿ. ಆರು ತಿಂಗಳಿಗೊಮ್ಮೆ ‘ಬೇಕಾದೀತು’ ಪೆಟ್ಟಿಗೆಯ ತಾರೀಕು ನೋಡಿ. ಒಂದು ಬಂದರೆ ಒಂದು ಹೋಗಲಿ ಎಂಬ ನಿಯಮ ಬಟ್ಟೆಗೆ, ಪಾತ್ರೆಗೆ ಚೆನ್ನಾಗಿ ಒಗ್ಗುತ್ತದೆ, ಪುಸ್ತಕಕ್ಕೆ ನನ್ನಿಂದ ಆಗಲಿಲ್ಲ.

ಹೊಂದದ ಎಂಟು ಬೀಗದ ಕೈಗಳಲ್ಲಿ ಏಳನ್ನು ಗುಜರಿಗೆ ಹಾಕಿದೆ. ಒಂದು ಇನ್ನೂ ಮೊಳೆಗೆ ನೇತಾಡುತ್ತಿದೆ, ಹಿತ್ತಾಳೆಯದು, ಹಿಡಿಯ ಮೇಲೆ ಬಳ್ಳಿಯ ಕೆತ್ತನೆ ಇದೆ. ಯಾವ ಬಾಗಿಲಿನದೋ ಗೊತ್ತಿಲ್ಲ. ಬೇಕಾದೀತು.